ಬೇಯ್ಲಿಯ ಊರಿನ ಕಡಲು: ಮರ್ರಿ ಫರ್ತ್ ದಂಡೆಯ ಕಲ್ಲುಗಳು

(ಇತಿಹಾಸದಲ್ಲಿ ಆಸಕ್ತಿ ಇರುವ ಗೆಳೆಯರ ಬಳಗವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಶ್ರೀರಂಗಪಟ್ಟಣಕ್ಕೆ ಹೋದವರೆಲ್ಲ ಕರ್ನಲ್ ಬೇಯ್ಲಿಯ ಬಂದೀಖಾನೆ ನೋಡಿರುತ್ತೀರಿ. ಕಾವೇರಿಯ ಕಡೆಗೆ ಮೆಟ್ಟಿಲಿಳಿದರೆ ಕಮಾನುಗಳ ತಗ್ಗು ಕೋಣೆ. ಗೈಡು ಎರಡು ನಿಮಿಷ ಕತೆ ಹೇಳುತ್ತಾರೆ. ನಾವು ಫೋಟೋ ತೆಗೆಸಿಕೊಂಡು ಗುಂಬಜ್ ಕಡೆ ಹೊರಡುತ್ತೇವೆ. ಈ ಬೇಯ್ಲಿ ಯಾರು, ಯಾವ ಊರಿನವನು ಅಂತ ಕೇಳುವವರು ಕಡಿಮೆ. ‘ಯಾರೋ ಇಂಗ್ಲಿಷಿನವನು’ ಅಂದರೆ ಮುಗಿಯಿತು, ಅಲ್ವಾ?

ವಿಲಿಯಂ ಬೇಯ್ಲಿ ಸ್ಕಾಟ್ಲೆಂಡಿನವನು. ಅವನ ಮನೆತನದ ಜಮೀನು ಇದ್ದದ್ದು ಇನ್ವರ್ನೆಸ್ ಪಟ್ಟಣದ ಪಕ್ಕದ ಡುನೇನ್‌ನಲ್ಲಿ. ಇನ್ವರ್ನೆಸ್ ಇರುವುದು ಸ್ಕಾಟ್ಲೆಂಡಿನ ಉತ್ತರದಲ್ಲಿ, ಮರ್ರಿ ಫರ್ತ್ ಎನ್ನುವ ದೊಡ್ಡ ಕೊಲ್ಲಿಯ ತುದಿಯಲ್ಲಿ. ಇವತ್ತು ನಿಮ್ಮನ್ನು ಆ ಕೊಲ್ಲಿಯ ದಂಡೆಯ ಮೇಲೆ ಓಡಾಡಿಸಬೇಕು ಅಂತ ಆಸೆ. ಎಡಿನ್‌ಬರೋ ಕೋಟೆ ಬೇಡ, ಅದನ್ನು ಎಲ್ಲರೂ ನೋಡುತ್ತಾರೆ. ಇವು ಸಣ್ಣ ಸಣ್ಣ ಊರುಗಳು. ಮೀನುಗಾರರ ಮನೆಗಳು, ಬಾರ್ಲಿ ಹೊಲಗಳು, ಹಳೇ ಚರ್ಚುಗಳು, ಮತ್ತೆ ಕಲ್ಲುಗಳು. ಕಲ್ಲಿನ ವಿಷಯವೇ ಇವತ್ತು ಜಾಸ್ತಿ ಬರುತ್ತೆ, ಮೊದಲೇ ಹೇಳಿಬಿಡುತ್ತೇನೆ.

ಜಾಗದ ಅಂದಾಜು ಸಿಗಲಿ. ಇನ್ವರ್ನೆಸ್‌ನಿಂದ ಉತ್ತರಕ್ಕೆ ಹೊರಟರೆ ಮೊದಲು ಸಿಗುವುದು ಬ್ಲ್ಯಾಕ್ ಐಲ್. ಹೆಸರಿನಲ್ಲಿ ದ್ವೀಪ ಇದೆ, ನಿಜಕ್ಕೂ ಅದು ಮೂರು ಕಡೆ ನೀರಿರುವ ನೆಲ. ಅದರ ಮೂಗಿನ ತುದಿಯಲ್ಲಿ ಕ್ರೊಮಾರ್ಟಿ ಎನ್ನುವ ಊರು. ಎದುರಿಗೆ ಕ್ರೊಮಾರ್ಟಿ ಫರ್ತ್, ಅಂದರೆ ಸಣ್ಣ ಕೊಲ್ಲಿ. ಅದರ ಆಚೆ ಟಾರ್ಬಟ್ ಎನ್ನುವ ಉದ್ದನೆಯ ಕೋಡು ಕಡಲಿನೊಳಕ್ಕೆ ಚಾಚಿದೆ. ಇಷ್ಟೇ. ಒಂದು ಕಾರಿದ್ದರೆ ಬೇಸಿಗೆಯ ಉದ್ದನೆಯ ಹಗಲಿನಲ್ಲಿ ಸುತ್ತಿ ಬರಬಹುದು. ಹಾಗೆ ಮಾಡಬೇಡಿ, ಅದು ಬೇರೆ ಮಾತು.

ಈಗ ಬೇಯ್ಲಿಯ ಕತೆಗೆ ಬರೋಣ. 1780ರ ಸೆಪ್ಟೆಂಬರ್ 10. ಕಾಂಚೀಪುರದ ಹತ್ತಿರ ಪೊಳ್ಳಿಲೂರು. ಹೈದರ್ ಮತ್ತು ಟಿಪ್ಪುವಿನ ಸೈನ್ಯ ಬೇಯ್ಲಿಯ ದಂಡನ್ನು ಸುತ್ತುವರಿದು ಮುಗಿಸಿತು. ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯ ಮೇಲೆ ಈ ಯುದ್ಧದ ದೊಡ್ಡ ಚಿತ್ರ ಇದೆ. ಗಮನವಿಟ್ಟು ನೋಡಿದರೆ ನಡುವೆ ಪಲ್ಲಕ್ಕಿಯಲ್ಲಿ ಕೂತ ಬೇಯ್ಲಿ ಬೆರಳು ಕಚ್ಚಿಕೊಂಡಿದ್ದಾನೆ. ಚಿತ್ರಗಾರನಿಗೆ ಮಜಾ ಬಂದಿರಬೇಕು.

ಆದರೆ ಆ ದಿನ ಕೆಲವೇ ಮೈಲಿ ದೂರದಲ್ಲಿ, ಕಾಂಚೀಪುರದಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಇನ್ನೊಂದು ದೊಡ್ಡ ಸೈನ್ಯ ಇತ್ತು. ಅದರ ದಂಡನಾಯಕ ಸರ್ ಹೆಕ್ಟರ್ ಮನ್ರೋ. ಬಕ್ಸಾರ್ ಗೆದ್ದವನು ಅಂತ ಶಾಲೆಯಲ್ಲಿ ಓದಿದ್ದೇವಲ್ಲ, ಅವನೇ. ಅವನ ಊರು ನೊವಾರ್. ಅದು ಇದೇ ಕ್ರೊಮಾರ್ಟಿ ಫರ್ತಿನ ದಂಡೆ. ಅವನ ಜೊತೆ 73ನೇ ಹೈಲ್ಯಾಂಡ್, ಅಂದರೆ ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡಿನವರ, ಪಲ್ಟನ್ ಇತ್ತು. ಅದನ್ನು ಕಟ್ಟಿದವನು ಲಾರ್ಡ್ ಮೆಕ್ಲೌಡ್. ಅವನದ್ದು ಟಾರ್ಬಟ್. ಅದೂ ಅದೇ ಫರ್ತಿನ ದಂಡೆ. ಅಂದರೆ ಊರಲ್ಲಿ ಒಬ್ಬರಿಗೊಬ್ಬರು ನೆರೆಹೊರೆಯವರಾದ ಮೂರು ಜಮೀನ್ದಾರಿ ಮನೆತನದವರು ತಮಿಳುನಾಡಿನ ಬಯಲಿನಲ್ಲಿ ಕೂಗಳತೆಯಲ್ಲಿದ್ದಾರೆ. ಒಬ್ಬ ಸಾಯಲು ಸಿಕ್ಕಿಬಿದ್ದಿದ್ದಾನೆ, ಇನ್ನಿಬ್ಬರು ಹೊತ್ತಿಗೆ ಸರಿಯಾಗಿ ಮುಟ್ಟಲಿಲ್ಲ. ಮನ್ರೋ ಸಹಾಯಕ್ಕೆ ಅಂತ ಒಂದು ತುಕಡಿ ಕಳಿಸಿದ್ದ. ಅದೂ ಬೇಯ್ಲಿಯ ಜೊತೆಗೇ ಹೋಯಿತು. ಕೊನೆಗೆ ಮನ್ರೋ ದೊಡ್ಡ ಫಿರಂಗಿಗಳನ್ನು ಕಾಂಚೀಪುರದ ದೇವಸ್ಥಾನದ ಕಲ್ಯಾಣಿಗೆ ತಳ್ಳಿ ಮದರಾಸಿಗೆ ಹಿಂದಿರುಗಿದ.

ಲಾರ್ಡ್ ಮೆಕ್ಲೌಡ್‌ನ ಕತೆ ಇನ್ನೂ ವಿಚಿತ್ರ. ಅವನ ಅಪ್ಪ ಕ್ರೊಮಾರ್ಟಿಯ ಅರ್ಲ್. 1745ರಲ್ಲಿ ಸ್ಟುವರ್ಟ್ ಮನೆತನದ ರಾಜಕುಮಾರನಿಗಾಗಿ ಲಂಡನ್ನಿನ ದೊರೆಯ ವಿರುದ್ಧ ಕತ್ತಿ ಹಿಡಿದವರಲ್ಲಿ ಅಪ್ಪ ಮಗ ಇಬ್ಬರೂ ಇದ್ದರು. 1746ರ ಏಪ್ರಿಲ್ 16ರಂದು ಇನ್ವರ್ನೆಸ್ ಹತ್ತಿರದ ಕಲೋಡನ್ ಬಯಲಿನಲ್ಲಿ ಒಂದು ಗಂಟೆಯೊಳಗೆ ಆ ದಂಗೆ ಮಣ್ಣಾಯಿತು. ಇವರಿಬ್ಬರೂ ಅದರ ಹಿಂದಿನ ದಿನವೇ ಬೇರೆ ಕಡೆ ಸೆರೆಯಾಗಿದ್ದರು. ಅಪ್ಪನಿಗೆ ಮರಣದಂಡನೆ ಆಗಿ ಆಮೇಲೆ ಕ್ಷಮೆ ಸಿಕ್ಕಿತು, ಜಮೀನು ಹೋಯಿತು. ಮಗ ಸ್ವೀಡನ್ನಿಗೆ ಹೋಗಿ ಅಲ್ಲಿಯ ಸೈನ್ಯದಲ್ಲಿ ಮೇಲಕ್ಕೇರಿದ. ಮೂವತ್ತು ವರ್ಷ ಕಳೆದ ಮೇಲೆ ಬಂದು, ಯಾವ ದೊರೆಯ ವಿರುದ್ಧ ಹೋರಾಡಿದ್ದನೋ ಅದೇ ವಂಶದ ದೊರೆಗೆ ಒಂದು ಪಲ್ಟನ್ ಕಟ್ಟಿಕೊಟ್ಟ. ಊರಿನ ಹುಡುಗರನ್ನು ಸೇರಿಸಿಕೊಂಡ. ಅವರು 1780ರ ಜನವರಿಯಲ್ಲಿ ಮದರಾಸಿನಲ್ಲಿ ಇಳಿದರು. ಸೆಪ್ಟೆಂಬರ್ ಹೊತ್ತಿಗೆ ಅವರಲ್ಲಿ ಕೆಲವರು ಪೊಳ್ಳಿಲೂರಿನಲ್ಲಿ ಸತ್ತಿದ್ದರು, ಉಳಿದ ಕೆಲವರು ಶ್ರೀರಂಗಪಟ್ಟಣದ ಸೆರೆಗೆ ಬಂದರು. 1784ರಲ್ಲಿ ಲಾರ್ಡ್ ಮೆಕ್ಲೌಡ್‌ಗೆ ಕಳೆದುಕೊಂಡ ಜಮೀನು ವಾಪಸ್ ಸಿಕ್ಕಿತು. ಟಾರ್ಬಟ್ ಹೌಸ್ ಅಂತ ಹೊಸ ಮನೆ ಕಟ್ಟಿಸಿದ. ಯಾರ ದುಡಿಮೆಗೆ ಯಾರಿಗೆ ಕೂಲಿ ಸಿಕ್ಕಿತು ನೋಡಿ.

ಬೇಯ್ಲಿ 1782ರ ನವೆಂಬರಿನಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ ತೀರಿಕೊಂಡ. 1816ರಲ್ಲಿ ಅವನ ಅಣ್ಣತಮ್ಮಂದಿರ ಮಗ ಒಬ್ಬ ಗುಂಬಜಿನ ಹತ್ತಿರ ಅವನಿಗೆ ಸ್ಮಾರಕ ಕಟ್ಟಿಸಿದ. ಅವನ ದಂಡಿನಲ್ಲಿದ್ದವರಲ್ಲಿ ಹೆಚ್ಚಿನವರು ಮದರಾಸಿನ ಕಡೆಯ ಸಿಪಾಯಿಗಳು. ಅವರಿಗೆ ಕಲ್ಲಿಲ್ಲ. ರಾಸ್ ಸೀಮೆಯಿಂದ, ಅಂದರೆ ಈ ಫರ್ತಿನ ಸುತ್ತಲಿನಿಂದ, ಬಂದ ಹುಡುಗರಿಗೂ ಇಲ್ಲ. ಇವತ್ತಿನ ಮಾತಿನುದ್ದಕ್ಕೂ ಈ ಪ್ರಶ್ನೆ ನನ್ನ ಜೊತೆ ಬರುತ್ತೆ: ಕಲ್ಲು ಯಾರಿಗೆ ಸಿಗುತ್ತೆ, ಸಿಕ್ಕ ಕಲ್ಲು ಆಮೇಲೆ ಯಾರ ಪಾಲಾಗುತ್ತೆ?

ಮನ್ರೋ ಮಾತ್ರ ತನ್ನ ಕಲ್ಲನ್ನು ತಾನೇ ಏರ್ಪಾಡು ಮಾಡಿಕೊಂಡ. 1781ರಲ್ಲಿ ಅವನು ಡಚ್ಚರಿಂದ ನಾಗಪಟ್ಟಣಂ ಹಿಡಿದ. ಊರಿಗೆ ಹೋದವನು ಆಲ್ನೆಸ್ ಊರಿನ ಹಿಂದಿನ ಫೈರಿಶ್ ಗುಡ್ಡದ ನೆತ್ತಿಯ ಮೇಲೆ, 453 ಮೀಟರ್ ಎತ್ತರದಲ್ಲಿ, ಒಂದು ಹೆಬ್ಬಾಗಿಲು ಕಟ್ಟಿಸಿದ. ನಾಗಪಟ್ಟಣಂ ಕೋಟೆಯ ಬಾಗಿಲಿನ ಮಾದರಿ ಅಂತ ಹೇಳುತ್ತಾರೆ. ಕೆಳಗೆ ಹೆದ್ದಾರಿಯಲ್ಲಿ ಹೋಗುವಾಗ ತಲೆಯೆತ್ತಿ ನೋಡಿದರೆ ಗುಡ್ಡದ ಮೇಲೆ ಕಮಾನುಗಳ ಸಾಲು ಕಾಣುತ್ತೆ. ಹಿಂದೆ ಕೋಟೆ ಇಲ್ಲ, ಊರಿಲ್ಲ. ಬರೀ ಬಾಗಿಲು. ಆ ಚಳಿಯ ಹಸಿರು ಗುಡ್ಡದ ಮೇಲೆ ಅದೊಂದು ವಿಚಿತ್ರ ವಸ್ತು. ನನಗಂತೂ ಮೊದಲ ನೋಟಕ್ಕೆ ಸಿನಿಮಾದವರು ಸೆಟ್ ಹಾಕಿ ಬಿಟ್ಟುಹೋದಂತೆ ಕಂಡಿತ್ತು.

ಅದಕ್ಕೆ ಊರಿನವರು ಹೇಳುವ ಕತೆ ಚೆನ್ನಾಗಿದೆ. 1782ರಲ್ಲಿ ಹೈಲ್ಯಾಂಡ್ಸ್‌ನಲ್ಲಿ ಬೆಳೆ ಕೈಕೊಟ್ಟಿತ್ತು. ಜನಕ್ಕೆ ಊಟಕ್ಕಿರಲಿಲ್ಲ. ಸುಮ್ನೆ ದುಡ್ಡು ಕೊಟ್ಟರೆ ಅವರಿಗೆ ಮರ್ಯಾದೆ ಅಲ್ಲ ಅಂತ ದೊರೆ ಈ ಕೆಲಸ ಹುಡುಕಿದನಂತೆ. ಜನ ಕಷ್ಟಪಟ್ಟು ಮೇಲೆ ಸಾಗಿಸಿದ ಕಲ್ಲುಗಳನ್ನು ರಾತ್ರಿ ತಾನೇ ಕೆಳಕ್ಕೆ ಉರುಳಿಸಿಬಿಡುತ್ತಿದ್ದನಂತೆ, ಇನ್ನಷ್ಟು ದಿನ ಕೂಲಿ ಸಿಗಲಿ ಅಂತ. ನಮ್ಮಲ್ಲಿ ಬರಗಾಲದ ಕಾಮಗಾರಿ ನೋಡಿದವರಿಗೆ ಇದು ಕೇಳಿದ ಹಾಗೇ ಅನಿಸುತ್ತೆ.

ಕತೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರ ಮುಂದಿನ ಪುಟವನ್ನೂ ಓದಬೇಕು. ಹತ್ತೇ ವರ್ಷದಲ್ಲಿ ಇದೇ ಮನ್ರೋ ತನ್ನ ಕಿಲ್ಡರ್ಮೋರಿ ಎನ್ನುವ ಜಮೀನನ್ನು ಹೊರಗಿನ ಕುರಿ ಸಾಕಣೆದಾರರಿಗೆ ಗುತ್ತಿಗೆ ಕೊಟ್ಟ. ಸುತ್ತಲಿನ ರೈತರ ದನಗಳಿಗೆ ಮೇಯುವ ಜಾಗ ಹೋಯಿತು. 1792ರಲ್ಲಿ ರಾಸ್ ಸೀಮೆಯ ಜನ ಒಟ್ಟಾಗಿ ಸಾವಿರಾರು ಕುರಿಗಳನ್ನು ದಕ್ಷಿಣಕ್ಕೆ ಓಡಿಸಿಬಿಡೋಣ ಅಂತ ಹೊರಟರು. ಗಾಳಿಯಲ್ಲಿ ಗುಂಡು ಹಾರಿಸುವ ಮಟ್ಟಕ್ಕೂ ಹೋಗಲಿಲ್ಲ, ಬರೀ ಕುರಿ ಹೊಡೆದುಕೊಂಡು ಹೋದರು. ಸೈನ್ಯ ಬಂತು, ದಂಗೆ ಮುಗಿಯಿತು. ಗೇಲಿಕ್ ಭಾಷೆಯವರು ಆ ವರ್ಷವನ್ನು ‘ಕುರಿಗಳ ವರ್ಷ’ ಅಂತಲೇ ನೆನೆಯುತ್ತಾರೆ. ಅದೇ 1792ರ ಕೊನೆಗೆ ಮನ್ರೋನ ಮಗನೊಬ್ಬ ಬಂಗಾಳದ ಸಾಗರ ದ್ವೀಪದಲ್ಲಿ ಹುಲಿಗೆ ಬಲಿಯಾದ. ಲಂಡನ್ನಿನ ಮ್ಯೂಸಿಯಮ್ಮಿನಲ್ಲಿರುವ ಟಿಪ್ಪುವಿನ ಹುಲಿ ಬೊಂಬೆಗೆ ಆ ಸುದ್ದಿಯೇ ಮೂಲ ಅನ್ನುವವರಿದ್ದಾರೆ.

ಸರಿ, ಸಾವಿರ ವರ್ಷ ಹಿಂದಕ್ಕೆ ಹೋಗೋಣ.

ಈ ದಂಡೆಯಲ್ಲಿ ಆಗ ಇದ್ದವರು ಪಿಕ್ಟರು. ಇವರ ಬಗ್ಗೆ ಪಕ್ಕದವರು ಬರೆದದ್ದೇ ಹೆಚ್ಚು. ಅವರೇ ಬರೆದಿಟ್ಟದ್ದು ತೀರಾ ಕಡಿಮೆ. ಬದಲಿಗೆ ಕಲ್ಲು ಕೆತ್ತಿದರು. ಅರ್ಧಚಂದ್ರ, ಜೋಡಿ ಬಟ್ಟಲಿನಂಥ ವೃತ್ತ, ಕನ್ನಡಿ, ಬಾಚಣಿಗೆ, ಯಾವ ಕಾಡಿನಲ್ಲೂ ಸಿಗದ ಒಂದು ಪ್ರಾಣಿ, ಹೀಗೆ ಕೆಲವು ಚಿಹ್ನೆಗಳು ಮತ್ತೆ ಮತ್ತೆ ಬರುತ್ತವೆ. ಅರ್ಥ ಯಾರಿಗೂ ಗಟ್ಟಿಯಾಗಿ ಗೊತ್ತಿಲ್ಲ. ಕ್ರೈಸ್ತ ಧರ್ಮ ಬಂದ ಮೇಲೆ ಒಂದು ಮುಖದಲ್ಲಿ ಶಿಲುಬೆ, ಇನ್ನೊಂದರಲ್ಲಿ ಹಳೇ ಚಿಹ್ನೆಗಳು. ಟಾರ್ಬಟ್ ಕೋಡಿನಲ್ಲಿ ಹತ್ತಿರ ಹತ್ತಿರದಲ್ಲೇ ಇಂಥ ಮೂರು ದೊಡ್ಡ ಕಲ್ಲುಗಳಿದ್ದವು: ನಿಗ್, ಶಾಂಡ್ವಿಕ್, ಹಿಲ್ಟನ್ ಆಫ್ ಕ್ಯಾಡ್ಬೋಲ್. ನಮ್ಮ ವೀರಗಲ್ಲಿನ ಹಾಗೆ ಇವೂ ಅಂತಸ್ತು ಅಂತಸ್ತಾಗಿ ಕತೆ ಹೇಳುತ್ತವೆ.

ಹಿಲ್ಟನ್ ಕಲ್ಲನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕ್ರಿ.ಶ. 800ರ ಆಸುಪಾಸಿನದು. ಸುತ್ತ ಬಳ್ಳಿಯ ಅಂಚು, ಬಳ್ಳಿಯೊಳಗೆ ಪ್ರಾಣಿಗಳು. ನಡುವಿನ ಅಂತಸ್ತಿನಲ್ಲಿ ಬೇಟೆ. ಕೆಳಗೆ ಎರಡು ನಾಯಿಗಳು ಜಿಂಕೆಯನ್ನು ಅಟ್ಟಿಸಿಕೊಂಡು ಹೋಗುತ್ತಿವೆ, ಅದರ ಮೇಲೆ ಕುದುರೆ ಸವಾರರು. ಬಲಗಡೆ ಇಬ್ಬರು ಕಹಳೆ ಊದುತ್ತಿದ್ದಾರೆ. ಇವರೆಲ್ಲರ ಮೇಲೆ, ಮುಖ್ಯ ಜಾಗದಲ್ಲಿ, ಕುದುರೆಯ ಮೇಲೆ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂತ ಒಬ್ಬ ಹೆಂಗಸು. ಉಳಿದವರೆಲ್ಲ ಪಕ್ಕಕ್ಕೆ ನೋಡುತ್ತಿದ್ದರೆ ಇವಳೊಬ್ಬಳು ನೇರ ನಮ್ಮನ್ನೇ ನೋಡುತ್ತಾಳೆ. ಎದೆಯ ಮೇಲೆ ದೊಡ್ಡ ಪಿನ್ನು. ಪಕ್ಕದಲ್ಲಿ ಕನ್ನಡಿ, ಬಾಚಣಿಗೆ. ಅವಳ ಹಿಂದೆ ಇನ್ನೊಂದು ಕುದುರೆ ಮೂಗು ತೂರಿಸಿದೆ. ಅದರ ಸವಾರನ ಚೂರುಪಾರು ಮಾತ್ರ ಕಾಣುತ್ತೆ. ಅರಸಿಯೋ, ಸಂತಳೋ, ಯಾರೋ ಒಬ್ಬ ಶ್ರೀಮಂತೆಯೋ, ಕಲ್ಲು ಹೇಳುವುದಿಲ್ಲ. ಅವಳು ಆ ಬೇಟೆಯ ಒಡತಿ ಅನ್ನುವುದನ್ನು ಮಾತ್ರ ಕೆತ್ತಿದವನು ಸ್ಪಷ್ಟವಾಗಿ ಹೇಳಿದ್ದಾನೆ.

ಇನ್ನೊಂದು ಮುಖದಲ್ಲಿ ಶಿಲುಬೆ ಇತ್ತು. ಈಗಿಲ್ಲ. 1676ರಲ್ಲಿ ಯಾರೋ ಅದನ್ನು ಉಳಿಯಿಂದ ಕೆತ್ತಿ ತೆಗೆದು, ನುಣುಪು ಮಾಡಿ, ಗೋರಿ ಬರಹ ಹಾಕಿದರು. ಚೆನ್ನಾಗಿ ಬಾಳಿದವನು ಚೆನ್ನಾಗಿ ಸಾಯುತ್ತಾನೆ ಎಂದು ಜ್ಞಾನಿ ಸಾಲೊಮನ್ ಹೇಳಿದ್ದಾನೆ, ಇಲ್ಲಿ ಮಲಗಿರುವವರು ಅಲೆಕ್ಸಾಂಡರ್ ಡಫ್ ಮತ್ತು ಅವನ ಮೂವರು ಹೆಂಡಿರು, ಅಂತ ಅದರ ಅರ್ಥ. ಒಂದು ಕಡೆ ಬೇಟೆಯ ಒಡತಿ, ಇನ್ನೊಂದು ಕಡೆ ಹೆಸರೇ ಇಲ್ಲದ ಮೂವರು ಹೆಂಡಿರು. ಅದೂ ಒಂದು ಇತಿಹಾಸವೇ.

ಕಲ್ಲಿನ ಅಲೆದಾಟ ಅಲ್ಲಿಗೆ ನಿಲ್ಲಲಿಲ್ಲ. 19ನೇ ಶತಮಾನದಲ್ಲಿ ಜಮೀನ್ದಾರರು ಅದನ್ನು ತಮ್ಮ ಇನ್ವರ್ಗಾರ್ಡನ್ ಬಂಗಲೆಯ ತೋಟಕ್ಕೆ ಒಯ್ದರು. 1921ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟರು. ಸ್ಕಾಟ್ಲೆಂಡಿನಲ್ಲಿ ದೊಡ್ಡ ಗಲಾಟೆಯಾಯಿತು. ಅದೇ ವರ್ಷ ಕಲ್ಲು ಎಡಿನ್‌ಬರೋಗೆ ವಾಪಸ್ ಬಂತು, ಈಗ ಅಲ್ಲಿಯ ರಾಷ್ಟ್ರೀಯ ಮ್ಯೂಸಿಯಮ್ಮಿನಲ್ಲಿದೆ. ಹಿಲ್ಟನ್ ಊರಿನವರಿಗೆ ಲಂಡನ್ ದೂರ, ಎಡಿನ್‌ಬರೋ ಏನು ಹತ್ತಿರವೇ? ಅವರು ಬ್ಯಾರಿ ಗ್ರೋವ್ ಎನ್ನುವ ಶಿಲ್ಪಿಯಿಂದ ಅದೇ ಅಳತೆಯ ಹೊಸ ಕಲ್ಲು ಕೆತ್ತಿಸಿ, ಹಳೇ ಪ್ರಾರ್ಥನಾ ಮಂದಿರದ ಪಾಳಿನ ಪಕ್ಕದಲ್ಲಿ, ಕಡಲಿಗೆ ಎದುರಾಗಿ ನಿಲ್ಲಿಸಿದರು.

ಆಮೇಲೆ 2001ರಲ್ಲಿ ಅಲ್ಲೇ ಅಗೆದಾಗ ಮೂಲ ಕಲ್ಲಿನ ಬುಡ ನೆಲದೊಳಗೆ ನೆಟ್ಟ ಹಾಗೇ ಸಿಕ್ಕಿತು! ಜೊತೆಗೆ 1676ರ ಆ ಉಳಿಯ ಏಟಿಗೆ ಉದುರಿದ ಶಿಲುಬೆಯ ಚೂರುಗಳು, ಸಾವಿರಗಟ್ಟಲೆ. ಅಂಗೈಯಲ್ಲಿ ಹಿಡಿಯುವಂಥವು, ಉಗುರಿನಷ್ಟಿರುವವು. ಬುಡ ಎಡಿನ್‌ಬರೋಗೆ ಹೋಗಿ ತಲೆಯ ಜೊತೆ ಸೇರಬೇಕೋ, ಇಲ್ಲೇ ಉಳಿಯಬೇಕೋ ಅಂತ ಜಗಳ ಶುರುವಾಯಿತು. ಊರಿನವರು ಹಠ ಹಿಡಿದರು. ಒಂದು ಸಲ ಹೋದದ್ದು ವಾಪಸ್ ಬರಲ್ಲ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬುಡ ಅಲ್ಲೇ ಉಳಿಯಿತು. ವಿದ್ವಾಂಸರಲ್ಲಿ ಕೆಲವರಿಗೆ ಇದು ಮೊಂಡುತನ ಅನಿಸಿರಬಹುದು. ನಾನು ಊರಿನವರ ಕಡೆ. ಮ್ಯೂಸಿಯಮ್ಮಿನ ದೀಪದಲ್ಲಿ ಆ ಹೆಂಗಸಿನ ಪಿನ್ನು ಚೆನ್ನಾಗಿ ಕಾಣುತ್ತೆ, ಒಪ್ಪುತ್ತೇನೆ. ಆದರೆ ಕೆತ್ತಿದವರು ಅವಳನ್ನು ನಿಲ್ಲಿಸಿದ್ದು ಕಡಲ ದಂಡೆಯಲ್ಲಿ.

ಇದೇ ಕಲ್ಲಿನ ಒಂದು ವಿನ್ಯಾಸವನ್ನು ಟೇನ್ ಊರಿನ ಗ್ಲೆನ್ಮೊರಾಂಜಿ ವಿಸ್ಕಿಯವರು ತಮ್ಮ ಲಾಂಛನ ಮಾಡಿಕೊಂಡಿದ್ದಾರೆ. ಬೆಂಗಳೂರಿನ ಏರ್‌ಪೋರ್ಟಿನ ಅಂಗಡಿಯಲ್ಲಿ ಬಾಟಲಿ ಕೈಗೆತ್ತಿಕೊಂಡವರು ಗೊತ್ತಿಲ್ಲದೇ ಪಿಕ್ಟರ ಕೆತ್ತನೆ ನೋಡಿರುತ್ತಾರೆ.

ಶಾಂಡ್ವಿಕ್ ಕಲ್ಲು ಮಾತ್ರ ನೆಟ್ಟ ಜಾಗದಲ್ಲೇ ಇದೆ. ಊರಿನ ಮೇಲಿನ ಹೊಲದಲ್ಲಿ, ದೋಣಿಯಲ್ಲಿ ಬರುವವರಿಗೆ ಕಾಣುವಂತೆ. 1846ರ ಬಿರುಗಾಳಿಗೆ ಬಿದ್ದು ಎರಡು ತುಂಡಾಯಿತು, ಮತ್ತೆ ನಿಲ್ಲಿಸಿದರು. 1980ರ ದಶಕದಲ್ಲಿ ಮಳೆಗಾಳಿಯಿಂದ ಕಾಪಾಡಲು ಸುತ್ತ ಗಾಜಿನ ಪೆಟ್ಟಿಗೆ ಕಟ್ಟಿದರು. ಬಿಸಿಲಿದ್ದರೆ ಗಾಜಿನಲ್ಲಿ ನಿಮ್ಮ ಮುಖವೇ ಜಾಸ್ತಿ ಕಾಣುತ್ತೆ. ಕೈಯನ್ನು ಮರೆ ಹಿಡಿದು ಇಣುಕಬೇಕು. ಇಣುಕಿದರೆ ಸುರುಳಿಯೊಳಗೆ ಸುರುಳಿ, ಅದರೊಳಗೆ ಇನ್ನೊಂದು ಸುರುಳಿ. ಎಣಿಸಲು ಹೋದರೆ ತಲೆ ತಿರುಗುತ್ತೆ.

ನಿಗ್ ಕಲ್ಲು ಚರ್ಚಿನೊಳಗಿದೆ. ಅದರ ನೆತ್ತಿಯಲ್ಲಿ ಇಬ್ಬರು ಸನ್ಯಾಸಿಗಳು ಎದುರುಬದುರು ಬಾಗಿದ್ದಾರೆ. ಮೇಲಿಂದ ಒಂದು ಹಕ್ಕಿ ರೊಟ್ಟಿ ತರುತ್ತಿದೆ. ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸು ಮಾಡುತ್ತಿದ್ದ ಸಂತ ಪಾಲ್‌ಗೆ ಕಾಗೆಯೊಂದು ದಿನಾ ಅರ್ಧ ರೊಟ್ಟಿ ತಂದುಕೊಡುತ್ತಿತ್ತಂತೆ. ಸಂತ ಆಂಟನಿ ನೋಡಲು ಬಂದ ದಿನ ಇಡೀ ರೊಟ್ಟಿ ತಂದಿತಂತೆ. ಅತಿಥಿ ಬಂದಿದ್ದಾರೆ ಅಂತ ಕಾಗೆಗೂ ಗೊತ್ತಾಯಿತು! ಮರುಭೂಮಿಯನ್ನು ಕಂಡೇ ಇರದ ಉತ್ತರದ ಚಳಿ ಕಡಲಿನ ದಂಡೆಯವರು ಆ ಕತೆಯನ್ನು ಅಷ್ಟು ನಾಜೂಕಾಗಿ ಕೆತ್ತಿದ್ದಾರೆ. 18ನೇ ಶತಮಾನದಲ್ಲಿ ಚರ್ಚಿನ ಗಂಟೆಗೋಪುರ ಕುಸಿದು ಕಲ್ಲು ಮುರಿಯಿತು. ಕಳೆದುಹೋಗಿದ್ದ ಒಂದು ಚೂರು 1998ರಲ್ಲಿ ಪಕ್ಕದ ಹಳ್ಳದಲ್ಲಿ ಸಿಕ್ಕಿತು.

ಅದೇ ಚರ್ಚಿನ ಹೊರಗೆ, ಹುಲ್ಲಿನಲ್ಲಿ, ಯಾರೂ ಗಮನಿಸದ ಇನ್ನೊಂದು ಕಲ್ಲಿದೆ. ಕಾಲರಾ ಕಲ್ಲು. 1832ರಲ್ಲಿ ಈ ದಂಡೆಗೆ ಕಾಲರಾ ಬಡಿಯಿತು. ಚರ್ಚಿನ ಹಿರಿಯನೊಬ್ಬ ನೆಲದ ಹತ್ತಿರ ತೇಲುತ್ತಿದ್ದ ಹಳದಿ ಮೋಡವನ್ನು ಕಂಡು, ಅದೇ ಕಾಲರಾ ಅಂತ ಬಟ್ಟೆಯ ಚೀಲದಲ್ಲಿ ಹಿಡಿದು, ಹೂತು, ಮೇಲೆ ಕಲ್ಲು ಎಳೆದನಂತೆ. ಇವತ್ತಿಗೂ ಅದನ್ನು ಯಾರೂ ಎತ್ತುವುದಿಲ್ಲ. ನಗಬೇಡಿ. ಮಾರಿಯನ್ನು ಊರ ಗಡಿ ದಾಟಿಸಿ ಬಿಟ್ಟುಬರುವ ಜನ ನಾವು. ಇಷ್ಟಕ್ಕೂ ಆ ಕಾಲರಾ ಹೊರಟದ್ದು ನಮ್ಮ ಬಂಗಾಳದ ಕಡೆಯಿಂದಲೇ.

ಟಾರ್ಬಟ್ ಕೋಡಿನ ತುದಿಗೆ ಹೋದರೆ ಪೋರ್ಟ್‌ಮಹೋಮಕ್ ಎನ್ನುವ ಪುಟ್ಟ ಬಂದರು. 1984ರಲ್ಲಿ ವಿಮಾನದಿಂದ ತೆಗೆದ ಫೋಟೋದಲ್ಲಿ ಅಲ್ಲಿಯ ಚರ್ಚಿನ ಸುತ್ತಲಿನ ಬೆಳೆಯಲ್ಲಿ ಇಂಗ್ಲಿಷಿನ ಡಿ ಅಕ್ಷರದ ಆಕಾರದ ಗೆರೆಯೊಂದು ಕಂಡಿತು. ಹೂತುಹೋದ ಕಂದಕ. ಯಾರ್ಕ್ ವಿಶ್ವವಿದ್ಯಾಲಯದ ಮಾರ್ಟಿನ್ ಕಾರ್ವರ್ ತಂಡ 1994ರಿಂದ 2007ರವರೆಗೆ ಅಗೆಯಿತು. ಸಿಕ್ಕಿದ್ದು ಪಿಕ್ಟರ ಕಾಲದ ಒಂದು ದೊಡ್ಡ ಮಠ.

ನನಗೆ ಅಲ್ಲಿ ಹಿಡಿಸಿದ್ದು ಚಿನ್ನವಲ್ಲ, ಬೆಳ್ಳಿಯಲ್ಲ, ಸಣ್ಣ ಬೆಣಚುಕಲ್ಲುಗಳು. ಗೋಲಿಯಷ್ಟು ಗಾತ್ರದವು. ಮೊದಲಿಗೆ ಇವು ಯಾಕೆ ಇಷ್ಟಿವೆ ಅನ್ನುವುದೇ ಒಗಟು. ಮಠದವರು ಪುಸ್ತಕ ಬರೆಯಲು ಕರುವಿನ ಚರ್ಮದ ಹಾಳೆ ಮಾಡುತ್ತಿದ್ದರು. ಚರ್ಮ ನೆನೆಸಿ, ಕೂದಲು ಕೆರೆದು, ಚೌಕಟ್ಟಿಗೆ ಬಿಗಿಯಾಗಿ ಎಳೆದು ಕಟ್ಟಬೇಕು. ಅಂಚಿಗೆ ತೂತು ಮಾಡಿದರೆ ಎಳೆದಾಗ ಹರಿಯುತ್ತೆ. ಅದಕ್ಕೆ ಅಂಚಿನೊಳಗೆ ಒಂದು ಬೆಣಚುಕಲ್ಲಿಟ್ಟು, ಚರ್ಮವನ್ನು ಅದರ ಮೇಲೆ ಸುತ್ತಿ, ಕುತ್ತಿಗೆಗೆ ದಾರ ಬಿಗಿಯುತ್ತಿದ್ದರು. ಕೆರೆಯಲು ಬಾಗಿದ ಕತ್ತಿ, ದಾರ ತಿರುಗಿಸಲು ಎಲುಬಿನ ಗೂಟಗಳು, ಇವೂ ಸಿಕ್ಕವು. ಅಲ್ಲಿ ಸುಣ್ಣದ ಕಲ್ಲಿಲ್ಲ. ಆದ್ದರಿಂದ ಸಣ್ಣ ಚಿಪ್ಪುಗಳು ಅಂಟಿಕೊಂಡ ಕಡಲಪಾಚಿಯನ್ನು ಸುಟ್ಟು ಆ ಬೂದಿಯನ್ನೇ ಸುಣ್ಣದ ಬದಲು ಬಳಸಿದರು ಅಂತ ಕಾರ್ವರ್ ಅವರ ತಂಡ ತೋರಿಸಿತು. ಇಷ್ಟೆಲ್ಲ ಸಿಕ್ಕಿತು. ಆದರೆ ಆ ಹಾಳೆಗಳ ಮೇಲೆ ಬರೆದ ಪುಸ್ತಕ ಇದು ಅಂತ ಖಚಿತವಾಗಿ ತೋರಿಸಲು ಒಂದೂ ಉಳಿದಿಲ್ಲ. ಸುಮಾರು 800ರ ಹೊತ್ತಿಗೆ ಮಠಕ್ಕೆ ಬೆಂಕಿ ಬಿತ್ತು. ಕೆತ್ತಿದ ಕಲ್ಲುಗಳನ್ನು ಒಡೆದು ಚೂರು ಮಾಡಿದ್ದಾರೆ. ವೈಕಿಂಗರ, ಅಂದರೆ ಕಡಲಾಚೆಯಿಂದ ಬರುತ್ತಿದ್ದ ದಾಳಿಕೋರರ, ಕೆಲಸ ಅಂತ ಊಹೆ. ಈಗ ಆ ಹಳೇ ಚರ್ಚೇ ಮ್ಯೂಸಿಯಂ. ಅಲ್ಲಿಂದ ಮುಂದೆ ಕೋಡಿನ ಕೊನೆಯಲ್ಲಿ 1830ರ ದೀಪಸ್ತಂಭ, ಮೈಗೆ ಎರಡು ಕೆಂಪು ಪಟ್ಟಿ. 1826ರ ಬಿರುಗಾಳಿಯಲ್ಲಿ ಈ ಕೊಲ್ಲಿಯಲ್ಲಿ ಒಟ್ಟಿಗೆ ಅನೇಕ ಹಡಗುಗಳು ಮುಳುಗಿದ ಮೇಲೆ ಕಟ್ಟಿದ್ದು.

ಈಗ ಕ್ರೊಮಾರ್ಟಿ. ಈ ದಂಡೆಯಲ್ಲಿ ಒಂದೇ ಊರು ನೋಡಲು ಸಮಯವಿದ್ದರೆ ಇದನ್ನು ನೋಡಿ. 18ನೇ ಶತಮಾನದ ಊರು ಹೆಚ್ಚುಕಮ್ಮಿ ಹಾಗೇ ಇದೆ. 1770ರ ದಶಕದಲ್ಲಿ ಜಾರ್ಜ್ ರಾಸ್ ಎನ್ನುವ ಜಮೀನ್ದಾರ ಕೋರ್ಟು ಕಟ್ಟಿಸಿದ, ರಷ್ಯಾದ ಕಡೆಯಿಂದ ಸೆಣಬು ತರಿಸಿ ಚೀಲದ ಬಟ್ಟೆ ನೇಯಿಸಿದ. ಕೆಲಸಕ್ಕೆ ಬಂದ ಗೇಲಿಕ್ ಭಾಷೆಯ ಕೂಲಿಗಳಿಗೆ ಅವರ ಭಾಷೆಯಲ್ಲೇ ಪೂಜೆ ಆಗಲಿ ಅಂತ ಬೇರೆ ಚರ್ಚು ಕಟ್ಟಿದರು. ಅದೀಗ ಗೋಡೆ ಮಾತ್ರ. ಈ ಊರಿನ ದುಡ್ಡಿನಲ್ಲಿ ಒಂದು ಪಾಲು ಗಯಾನಾದ ಕಬ್ಬಿನ, ಹತ್ತಿಯ ತೋಟಗಳದ್ದು. ಅಲ್ಲಿ ದುಡಿದವರು ಆಫ್ರಿಕಾದ ಗುಲಾಮರು. ಊರಿನ ಮ್ಯೂಸಿಯಂ ಅದನ್ನು ಮುಚ್ಚಿಡುವುದಿಲ್ಲ, ಅದು ನನಗೆ ಇಷ್ಟವಾಯಿತು.

ಇಲ್ಲಿ ಹುಲ್ಲು ಹೊದಿಸಿದ ಒಂದು ತಗ್ಗು ಮನೆ ಇದೆ. 1802ರಲ್ಲಿ ಹ್ಯೂ ಮಿಲ್ಲರ್ ಹುಟ್ಟಿದ ಮನೆ. ಕಲ್ಲುಕುಟಿಗ. ಗಣಿಯಲ್ಲಿ ಕಲ್ಲು ಒಡೆಯುತ್ತಾ ಒಡೆಯುತ್ತಾ ಅದರೊಳಗಿನ ಪಳೆಯುಳಿಕೆಗಳನ್ನು ಕಂಡ. ಕಾಲೇಜು ಕಂಡವನಲ್ಲ. ಕ್ರೊಮಾರ್ಟಿಯ ದಂಡೆಯ ಕೆಂಪು ಮರಳುಗಲ್ಲಿನಲ್ಲಿ ರೆಕ್ಕೆ ಇದ್ದ ಹಾಗೆ ಕಾಣುವ, ಮೈಗೆಲ್ಲ ಕವಚ ತೊಟ್ಟ ಮೀನುಗಳನ್ನು ಹುಡುಕಿದ. ಸುಮಾರು 38 ಕೋಟಿ ವರ್ಷ ಹಳೆಯವು. ಅದರಲ್ಲೊಂದಕ್ಕೆ ವಿಜ್ಞಾನಿಗಳು ಅವನ ಹೆಸರನ್ನೇ ಇಟ್ಟರು. ಆಮೇಲೆ ಎಡಿನ್‌ಬರೋದಲ್ಲಿ ಪತ್ರಿಕೆಯ ಸಂಪಾದಕನಾದ, ದೇಶಕ್ಕೇ ಹೆಸರಾದ. 1856ರಲ್ಲಿ ತನ್ನ ಕೈಯಾರೆ ಪ್ರಾಣ ಕಳೆದುಕೊಂಡ.

ಊರಿನ ಹಳೇ ಸ್ಮಶಾನ ಗುಡ್ಡದ ಮೇಲಿದೆ. ಅಲ್ಲಿ ಎಲೈಜಾ ಎನ್ನುವ ಹೆಸರಿನ ಸಣ್ಣ ಕಲ್ಲು. ಮಿಲ್ಲರನ ಮೊದಲ ಮಗಳು. ಎರಡು ವರ್ಷ ತುಂಬುವ ಮೊದಲೇ ಹೋದಳು. ಆ ಹೊತ್ತಿಗೆ ಅವನು ಉಳಿ ಸುತ್ತಿಗೆ ಬಿಟ್ಟು ಬ್ಯಾಂಕಿನಲ್ಲಿ ಲೆಕ್ಕ ಬರೆಯುತ್ತಿದ್ದ. ಮಗಳಿಗಾಗಿ ಮತ್ತೆ ಉಳಿ ಹಿಡಿದ. ಅವನು ಕೆತ್ತಿದ ಕೊನೆಯ ಕಲ್ಲು ಅದು. ಅಲಂಕಾರ ಏನೂ ಇಲ್ಲ.

ಸಮುದ್ರದ ಕಡೆ ಇಳಿದರೆ ವಲಸೆಯ ಕಲ್ಲು. 2002ರಲ್ಲಿ ಮಿಲ್ಲರ್ ಹುಟ್ಟಿ 200 ವರ್ಷವಾದಾಗ ನೆಟ್ಟದ್ದು. ಇಲ್ಲಿಂದ ಕೆನಡಾ ಕಡೆಗೆ ಜನರನ್ನು ಹೊತ್ತೊಯ್ದ ಹಡಗುಗಳ ಹೆಸರುಗಳು ಅದರ ಮೇಲಿವೆ. ಜಮೀನು ಕುರಿಗಳಿಗೆ ಹೋದ ಮೇಲೆ ಜನ ಎಲ್ಲಿ ಹೋದರು ಅನ್ನುವುದಕ್ಕೆ ಒಂದು ಉತ್ತರ ಇದು. ಹಡಗಿನ ಹೆಸರಿದೆ, ಜನರ ಹೆಸರಿಲ್ಲ. ಆದರೂ ಏನೂ ಇಲ್ಲದಿರುವುದಕ್ಕಿಂತ ವಾಸಿ.

ಸಮಯ ಆಗುತ್ತಿದೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಫೋರ್ಟ್‌ರೋಸ್‌ನಲ್ಲಿ ಕೆಂಪು ಕಲ್ಲಿನ ಮುರುಕು ಕ್ಯಾಥೆಡ್ರಲ್. ಪಕ್ಕದ ರೋಸ್ಮಾರ್ಕಿಯಲ್ಲಿ ಗ್ರೋಮ್ ಹೌಸ್ ಮ್ಯೂಸಿಯಂ, ಪಿಕ್ಟರ ಕಲ್ಲುಗಳಿಗೆ. ಅಲ್ಲಿಯ ಕಡಲ ಗುಹೆಯೊಂದರಲ್ಲಿ 2016ರಲ್ಲಿ ಒಬ್ಬ ಪಿಕ್ಟ್ ಗಂಡಸಿನ ಅಸ್ಥಿಪಂಜರ ಸಿಕ್ಕಿತು. ತಲೆಗೆ ಭೀಕರ ಏಟುಗಳು. ಆದರೆ ಹೂತವರು ಕಾಲು ಮಡಿಸಿ, ಕೈಕಾಲಿನ ಮೇಲೆ ಕಲ್ಲಿಟ್ಟು, ಕ್ರಮವಾಗಿ ಮಲಗಿಸಿದ್ದಾರೆ. ಕೊಂದವರೂ ಹೂತವರೂ ಒಬ್ಬರೇನಾ? ಗೊತ್ತಿಲ್ಲ. ನೀರಿನಾಚೆ ಫೋರ್ಟ್ ಜಾರ್ಜ್. ಕಲೋಡನ್ ಆದ ಮೇಲೆ, ಮತ್ತೊಂದು ದಂಗೆ ಆಗದಿರಲಿ ಅಂತ 1748ರಿಂದ 1769ರವರೆಗೆ ಕಟ್ಟಿದ ದೈತ್ಯ ಕೋಟೆ. ಮುಗಿಯುವ ಹೊತ್ತಿಗೆ ದಂಗೆ ಏಳುವವರೇ ಉಳಿದಿರಲಿಲ್ಲ. ಆ ಹುಡುಗರೆಲ್ಲ ದೊರೆಯ ಪಲ್ಟನ್ ಸೇರಿ ನಮ್ಮ ಕಡೆ ಹೊರಟಿದ್ದರು. ಕೋಟೆಯ ಮೇಲೆ ಒಂದು ಗುಂಡೂ ಬೀಳಲಿಲ್ಲ.

ಇನ್ವರ್ಗಾರ್ಡನ್ ಹಿಂದೆ ನೌಕಾಪಡೆಯ ಬಂದರಾಗಿತ್ತು. 1931ರ ಸೆಪ್ಟೆಂಬರಿನಲ್ಲಿ ಸಂಬಳ ಕಡಿತದ ವಿರುದ್ಧ ನಾವಿಕರು ಎರಡು ದಿನ ಹಡಗು ಹೊರಡಿಸಲಿಲ್ಲ. ಕೆಲವರಿಗೆ ದಿನಕ್ಕೆ 4 ಶಿಲಿಂಗ್ ಇದ್ದದ್ದು 3ಕ್ಕೆ ಇಳಿಯುವುದಿತ್ತು. ಆ ಗಾಬರಿಗೆ ಷೇರುಪೇಟೆ ನಡುಗಿತು. ಕೆಲವೇ ದಿನಗಳಲ್ಲಿ ಬ್ರಿಟನ್ ಪೌಂಡಿಗೂ ಚಿನ್ನಕ್ಕೂ ಇದ್ದ ಗಂಟನ್ನೇ ಬಿಚ್ಚಿತು. 1970ರ ದಶಕದಲ್ಲಿ ಎಣ್ಣೆ ಸಿಕ್ಕಿತು, ನಿಗ್‌ನಲ್ಲಿ ಉತ್ತರ ಸಮುದ್ರದ ತೈಲಬಾವಿಗಳಿಗೆ ಬೇಕಾದ ದೈತ್ಯ ಕಟ್ಟೆಗಳನ್ನು ಕಟ್ಟಿದರು. ಈಗಲೂ ಕೆಲಸವಿಲ್ಲದ ರಿಗ್ಗುಗಳು ಫರ್ತಿನಲ್ಲಿ ಸಾಲಾಗಿ ನಿಂತಿರುತ್ತವೆ. ನೋಡಲು ಅಸಹ್ಯ ಅನ್ನುವವರಿದ್ದಾರೆ. ನನಗೆ ಅವೂ ಈ ದಂಡೆಯ ಸ್ಮಾರಕಗಳೇ ಅನಿಸುತ್ತವೆ.

ಇನ್ನೊಂದು ನಂಟು ಹೇಳದೆ ಹೋದರೆ ಬೆಂಗಳೂರಿನವರು ಬಿಡುವುದಿಲ್ಲ. ಫೈರಿಶ್ ಗುಡ್ಡದ ಕೆಳಗೆ ಆಲ್ನೆಸ್‌ನಲ್ಲಿ ಡಾಲ್ಮೋರ್ ಎನ್ನುವ ವಿಸ್ಕಿ ಭಟ್ಟಿ ಇದೆ. 1839ರಲ್ಲಿ ಅದನ್ನು ಶುರುಮಾಡಿದ ಅಲೆಕ್ಸಾಂಡರ್ ಮ್ಯಾಥೆಸನ್ ದುಡ್ಡು ಮಾಡಿದ್ದು ಚೀನಾದ ಅಫೀಮು ವ್ಯಾಪಾರದಲ್ಲಿ. ಆ ಅಫೀಮು ಬೆಳೆದದ್ದು ಭಾರತದಲ್ಲಿ. 2007ರಲ್ಲಿ ವಿಜಯ್ ಮಲ್ಯ ಅವರ ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್ 59.5 ಕೋಟಿ ಪೌಂಡಿಗೆ ಡಾಲ್ಮೋರ್‌ನ ಒಡೆತನವಿದ್ದ ಕಂಪನಿಯನ್ನೇ ಕೊಂಡಿತು. 2014ರಲ್ಲಿ ಅದು 43 ಕೋಟಿ ಪೌಂಡಿಗೆ ಫಿಲಿಪ್ಪೀನ್ಸಿನವರ ಪಾಲಾಯಿತು. ಏಳು ವರ್ಷ ಮನ್ರೋನ ಗುಡ್ಡದ ಬುಡದ ಭಟ್ಟಿಗೆ ನಮ್ಮೂರಿನವರು ಧಣಿಗಳು.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬರು ಹಿರಿಯರು ಕೇಳಿದ್ದು: “ಫೈರಿಶ್ ಬಾಗಿಲಿನ ಹತ್ತಿರ ಪೊಳ್ಳಿಲೂರಿನ ವಿಷಯ ಎಲ್ಲಾದರೂ ಬರೆದಿದ್ದಾರಾ?” ನಾನು ನೋಡಿದಾಗ ಕಣ್ಣಿಗೆ ಬೀಳಲಿಲ್ಲ ಸಾರ್. ಅದು ಗೆಲುವಿನ ಬಾಗಿಲು ತಾನೇ, ಸೋತದ್ದನ್ನು ಯಾರು ಬರೆಯುತ್ತಾರೆ? ಪೊಳ್ಳಿಲೂರು ನೋಡಬೇಕಾದರೆ ದರಿಯಾ ದೌಲತ್ತಿಗೇ ಬರಬೇಕು. ಎರಡನ್ನೂ ನೋಡಿದವರಿಗೆ ಮಾತ್ರ ಕತೆ ಪೂರ್ತಿ ಸಿಗುತ್ತೆ.

ಇನ್ನೊಬ್ಬರು, ಮಗಳು ಗ್ಲಾಸ್ಗೋದಲ್ಲಿ ಓದುತ್ತಿದ್ದಾಳಂತೆ, ಹೋಗುವುದು ಹೇಗೆ ಅಂತ ಕೇಳಿದರು. ಇನ್ವರ್ನೆಸ್‌ವರೆಗೆ ರೈಲು. ಅಲ್ಲಿಂದ ಉತ್ತರಕ್ಕೆ ಹೋಗುವ ರೈಲು ಆಲ್ನೆಸ್, ಇನ್ವರ್ಗಾರ್ಡನ್, ಟೇನ್‌ನಲ್ಲಿ ನಿಲ್ಲುತ್ತೆ ಅಮ್ಮ. ಆದರೆ ಕಲ್ಲುಗಳಿರುವ ಊರುಗಳಿಗೆ ಬಸ್ಸು ಕಡಿಮೆ, ಕಾರು ಮಾಡಿಕೊಳ್ಳುವುದೇ ವಾಸಿ. ಹೋಗುವುದಾದರೆ ಬೇಸಿಗೆಯಲ್ಲಿ ಹೋಗಿ. ಚಳಿಗಾಲದಲ್ಲಿ ಮೂರೂವರೆಗೇ ಕತ್ತಲು, ಚರ್ಚುಗಳಿಗೆ, ಮ್ಯೂಸಿಯಮ್ಮುಗಳಿಗೆ ಬೀಗ. ಕ್ರೊಮಾರ್ಟಿಯಿಂದ ನಿಗ್‌ಗೆ ಬೇಸಿಗೆಯಲ್ಲಿ ಒಂದು ಪುಟ್ಟ ಫೆರ್ರಿ ಓಡುತ್ತೆ, ಒಂದು ಸಲಕ್ಕೆ ಎರಡೇ ಕಾರು ಹತ್ತುವಂಥದ್ದು. ಹೊರಡುವ ಮೊದಲು ಅದು ಓಡುತ್ತಿದೆಯಾ ಅಂತ ವಿಚಾರಿಸಿಕೊಳ್ಳಿ. ಇಲ್ಲದಿದ್ದರೆ ಫರ್ತನ್ನು ಪೂರ್ತಿ ಸುತ್ತಿಕೊಂಡು ಹೋಗಬೇಕಾಗುತ್ತೆ.